ಚಿಮಣಿ ಹತ್ತಿದವನು: ಧೈರ್ಯವೋ, ಹುಂಬತನವೋ?

ಗಿರೀಶ್: ಫ್ರೆಡ್ ಡಿಬ್ನಾ ಮೇಲೆ ಬಿಬಿಸಿ 1979ರಲ್ಲಿ ಮಾಡಿದ ಸಾಕ್ಷ್ಯಚಿತ್ರ ನಿನ್ನೆ ನೋಡಿದೆ. ಇಂಗ್ಲೆಂಡಿನ ಬೋಲ್ಟನ್ನಿನವನು. ಗಿರಣಿ ಚಿಮಣಿ ರಿಪೇರಿ ಮಾಡೋದು, ಬೇಡವಾದದ್ದನ್ನು ಕೆಡವೋದು ಕಸುಬು. ಸೊಂಟಕ್ಕೊಂದು ಹಗ್ಗವೂ ಇಲ್ಲ! ಎಲ್ಲರೂ ಹೊಗಳ್ತಾರೆ, ನನಗೆ ಹುಂಬತನ ಅನ್ನಿಸಿತು.

ಬಸವರಾಜ, ದಾವಣಗೆರೆ: ನಮ್ಮಪ್ಪ ಗಾರೆ ಮೇಸ್ತ್ರಿ. ಅವರಿಗೂ ತೋರಿಸಿದೆ. "ಹತ್ತಿದ್ದು ಆಮೇಲೆ ನೋಡು, ಮೊದಲು ಏಣಿ ಕಟ್ಟಿದ್ದು ನೋಡು" ಅಂದರು. ಇಟ್ಟಿಗೆ ಸಂದಿನಲ್ಲಿ ತೂತು ಕೊರೆದು, ಮರದ ಬೆಣೆ ಹೊಡೆದು, ಅದಕ್ಕೆ ಕಬ್ಬಿಣದ ಕೊಕ್ಕೆ ಬಡಿದು, ಏಣಿ ಬಿಗಿಯಬೇಕು. ಆ ಏಣಿ ಮೇಲೆ ನಿಂತೇ ಮುಂದಿನದು. ತುದಿಯಲ್ಲಿ ಚಿಮಣಿ ಹೊರಚಾಚಿದ ಕಡೆ ಏಣಿಯೂ ಹೊರಕ್ಕೇ ವಾಲುತ್ತೆ, ಬೆನ್ನು ಕೆಳಗೆ ಮಾಡಿ ಹತ್ತಬೇಕು. ಹುಂಬನ ಕೈಲಿ ಆಗೋ ಕೆಲಸವಾ ಇದು?

ಗಿರೀಶ್: ಕೈಚಳಕ ಇಲ್ಲ ಅಂದೆನಾ ನಾನು? ಆದರೆ ಚಿಮಣಿ ಕೆಡವೋಕೆ ಅವನು ಬುಡದಲ್ಲಿ ಬೆಂಕಿ ಹಾಕ್ತಿದ್ದ. ಬೆಂಕಿ ಯಾಕೆ, ಸಿಡಿಮದ್ದು ಇರಲಿಲ್ಲವಾ?

ಮಮತಾ ಹೆಗಡೆ: ಮರ ಕಡಿಯೋರನ್ನು ನೋಡಿಲ್ವಾ ಗಿರೀಶ್? ಬೀಳಬೇಕಾದ ಕಡೆ ಕಚ್ಚು ಹಾಕ್ತಾರಲ್ಲ, ಹಾಗೇ. ಬುಡದ ಇಟ್ಟಿಗೆ ಸ್ವಲ್ಪ ಸ್ವಲ್ಪವೇ ತೆಗೀತಾ, ತೆಗೆದಲ್ಲೆಲ್ಲ ಮರದ ತುಂಡು ಊರೆ ಕೊಡ್ತಾ ಹೋಗೋದು. ಕೊನೆಗೆ ಸೌದೆ, ಹಳೇ ಟೈರು ಪೇರಿಸಿ ಬೆಂಕಿ. ಊರೆ ಸುಟ್ಟರೆ ಚಿಮಣಿ ಆ ಕಡೆಗೇ ಮಲಗುತ್ತೆ. ಟೈರಿನ ಹೊಗೆ ಮಾತ್ರ ಕೆಟ್ಟದ್ದು, ಒಪ್ಪಿದೆ.

ರಶ್ಮಿ, ಮ್ಯಾಂಚೆಸ್ಟರ್: ಇಲ್ಲಿಂದ ಬೋಲ್ಟನ್ ಹತ್ತಿರ. ಅಲ್ಲಿ ಅವರ ಪ್ರತಿಮೆ ಇದೆ. ಉಗಿಯಂತ್ರ ಅಂದರೆ ಪ್ರಾಣ, ಹಳೇ ರೋಡ್ ರೋಲರ್ ಒಂದನ್ನು ಸ್ವಂತ ಕೈಯಿಂದ ರಿಪೇರಿ ಮಾಡಿದ ಮನುಷ್ಯ. ಹತ್ತಿ ಗಿರಣಿ ಮುಚ್ಚಿದ ಮೇಲೆ ಅದೇ ಚಿಮಣಿಗಳನ್ನು ಕೆಡವೇ ಹೊಟ್ಟೆ ಹೊರೆಯಬೇಕಾಯ್ತು. ಬಿದ್ದ ಮೇಲೆ ಜನರ ಕಡೆ ತಿರುಗಿ "ಇಷ್ಟ ಆಯ್ತಾ?" ಅಂತ ಕೇಳ್ತಿದ್ದರು. ಆ ನಗು ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಬಸವರಾಜ, ದಾವಣಗೆರೆ: ನಮ್ಮೂರನ್ನೂ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು ಮೇಡಂ. ಗಿರಣಿ ಮುಚ್ಚಿದ ಸಂಕಟ ನಮಗೆ ಹೇಳಿಕೊಡಬೇಕಿಲ್ಲ.

ಗಿರೀಶ್: ಡಿಬ್ನಾ 2004ರಲ್ಲಿ ಹೋದದ್ದು ಕ್ಯಾನ್ಸರಿನಿಂದ, ಏಣಿಯಿಂದ ಬಿದ್ದಲ್ಲ. ಅದೊಂದನ್ನೇ ಹಿಡಿದು ಹಗ್ಗ ಬೇಡ ಅನ್ನಬೇಡಿ. ಬಿದ್ದವರ ಮೇಲೆ ಯಾರೂ ಸಾಕ್ಷ್ಯಚಿತ್ರ ಮಾಡಲ್ಲ.

ಬಸವರಾಜ, ದಾವಣಗೆರೆ: ಅಪ್ಪನೂ ಇದನ್ನೇ ಅಂದರು ಸರ್. ಅವರು ಎರಡನೇ ಮಹಡಿ ಸಾರ್ವೆಯಿಂದ ಬಿದ್ದವರು.