ಮುಂಬೈಗೆ ಹೋಗಿ ಸಿಂಫನಿ ಕೇಳಿದವರು ಇದ್ದೀರಾ?

ಶಿವಮೊಗ್ಗದಿಂದ: ಮಗಳು ಪಿಯಾನೋ ಕಲಿಯುತ್ತಿದ್ದಾಳೆ. ದೊಡ್ಡ ಆರ್ಕೆಸ್ಟ್ರಾವನ್ನು ಎದುರಿಗೇ ಕೂತು ಕೇಳಬೇಕು ಅಂತ ಒಂದೇ ಹಟ. ಮುಂಬೈನ ಎನ್‌ಸಿಪಿಎಗೆ (ಸಂಗೀತ, ನಾಟಕ ನಡೆಯೋ ದೊಡ್ಡ ಕಲಾಕೇಂದ್ರ) ಕರ್ಕೊಂಡು ಹೋಗೋಣ ಅಂತಿದ್ದೀವಿ. ಟಿಕೆಟ್ ಯಾವಾಗ ತೆಗೆಯಬೇಕು, ಯಾವ ಸೀಟು ಒಳ್ಳೇದು? ಹೋಗಿಬಂದವರು ಹೇಳಿ.

ಸಾಗರದಿಂದ: ಅಲ್ಲಿರೋದು ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ, 2006ರಲ್ಲಿ ಶುರುವಾಗಿದ್ದು. ವರ್ಷಪೂರ್ತಿ ಕಛೇರಿ ಇರುತ್ತೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಫೆಬ್ರವರಿ ಸುತ್ತಮುತ್ತ ಒಂದು ಸೀಸನ್, ಸೆಪ್ಟೆಂಬರ್ ಸುತ್ತಮುತ್ತ ಇನ್ನೊಂದು. ಟಿಕೆಟ್ ಮೊದಲು ಅವರ ಸದಸ್ಯರಿಗೆ ತೆರೆಯುತ್ತೆ, ಆಮೇಲೆ ನಮ್ಮಂಥವರಿಗೆ. ರೈಲ್ವೆ ಬುಕಿಂಗ್ ಈಗ 60 ದಿನ ಮುಂಚೆಯಷ್ಟೇ ತೆರೆಯೋದರಿಂದ ಎರಡರ ಮೇಲೂ ಕಣ್ಣಿಟ್ಟಿರಬೇಕು, ಒಂದು ಸಿಕ್ಕಿ ಇನ್ನೊಂದು ಸಿಗದಿದ್ರೆ ಸುಮ್ನೆ ತಲೆಬಿಸಿ. ಎನ್‌ಸಿಪಿಎ ವೆಬ್‌ಸೈಟಿನಲ್ಲೇ ತಗೊಳ್ಳಿ, ಅಲ್ಲಿಂದ ಯಾವ ಆ್ಯಪ್‌ಗೆ ಕಳಿಸುತ್ತೋ ಅದರಲ್ಲಿ ತಗೊಂಡರೂ ಆಯ್ತು. ಮಧ್ಯದಲ್ಲಿ ಮರುಮಾರಾಟ ಮಾಡೋರ ಹತ್ತಿರ ಮಾತ್ರ ಬೇಡ.

ತೀರ್ಥಹಳ್ಳಿಯಿಂದ: ಸೀಟಿನ ವಿಷಯ ನಾನು ಹೇಳ್ತೀನಿ. ಎಲ್ಲರೂ ಮುಂದಿನ ಸಾಲಿಗೆ ಬೀಳ್ತಾರೆ, ಅದೇ ಬೇಡದ್ದು. ಅಲ್ಲಿ ಕೂತರೆ ಕಣ್ಣೆದುರು ಪಿಟೀಲಿನವರ ಬೂಟು ಮಾತ್ರ! ಹಿಂದೆ ಕೂತ ಕೊಳಲು, ಕ್ಲಾರಿನೆಟ್, ಹಾರ್ನ್‌ನವರು ಕಾಣೋದೇ ಇಲ್ಲ, ಹತ್ತಿರದ ವಾದ್ಯದ ಸದ್ದೇ ಜಾಸ್ತಿ ಕಿವಿಗೆ ಬೀಳುತ್ತೆ. ಮೈಕ್ ಇಟ್ಟು ಸರಿತೂಗಿಸೋ ಪದ್ಧತಿ ಇದರಲ್ಲಿಲ್ಲ, ಸಭಾಂಗಣವೇ ದನಿಯನ್ನು ಬೆರೆಸಬೇಕು. ಹಾಗಾಗಿ ಸ್ವಲ್ಪ ಹಿಂದೆ, ಇಲ್ಲಾಂದ್ರೆ ಬಾಲ್ಕನಿಯ ಮೊದಲ ಸಾಲು. ಅಲ್ಲಿಂದ ಇಡೀ ತಂಡ ಕಾಣುತ್ತೆ, ಎಷ್ಟೋ ಸಲ ದುಡ್ಡೂ ಕಡಿಮೆ. ನಿಮ್ಮ ಮಗಳು ಪಿಯಾನೋ ಅಂದ್ರಲ್ಲ, ಹಾಗಾದ್ರೆ ಪಿಯಾನೋ ಕಾನ್ಚೆರ್ಟೋ, ಅಂದ್ರೆ ಆರ್ಕೆಸ್ಟ್ರಾ ಜೊತೆ ಒಬ್ಬರು ಮುಂದೆ ಕೂತು ಪಿಯಾನೋ ನುಡಿಸೋ ಕೃತಿ, ಇರೋ ದಿನವನ್ನೇ ನೋಡಿ, ವೇದಿಕೆಗೆ ಮುಖ ಮಾಡಿದಾಗ ನಮ್ಮ ಎಡಕ್ಕೆ ಬರೋ ಸೀಟು ಹಿಡಿಯಿರಿ. ಬೆರಳು ಓಡೋದು ಕಾಣೋದು ಆ ಕಡೆಯಿಂದಲೇ. ಬಲಗಡೆ ಕೂತರೆ ಮುಖವಷ್ಟೇ.

ಕೊಪ್ಪದಿಂದ: ಯಕ್ಷಗಾನದ ಆಟಕ್ಕೆ ಹೋದ ಹಾಗೆ ಮಧ್ಯರಾತ್ರಿ ಎದ್ದು ಚಹಾ ಕುಡಿದು ಬರೋ ವ್ಯವಹಾರ ಅಲ್ಲ ಮಾರಾಯ್ರೆ ಇದು. ತಡವಾದರೆ ಬಾಗಿಲಲ್ಲೇ ನಿಲ್ಲಿಸ್ತಾರೆ, ಒಂದು ಕೃತಿ ಮುಗಿಯೋವರೆಗೆ ಒಳಗೆ ಬಿಡಲ್ಲ. ಸಿಂಫನಿ ಅಂದ್ರೆ ಇಡೀ ಆರ್ಕೆಸ್ಟ್ರಾ ನುಡಿಸೋ ದೊಡ್ಡ ಕೃತಿ, ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗ, ನಡುವೆ ಚಪ್ಪಾಳೆ ಇಲ್ಲ. ರಷ್ಯಾದ ಸಂಗೀತ ರಚನೆಕಾರ ಚೈಕೋವ್‌ಸ್ಕಿಯ 6ನೇ ಸಿಂಫನಿಯ ಮೂರನೇ ಭಾಗ ಎಷ್ಟು ಅಬ್ಬರದಲ್ಲಿ ಮುಗಿಯುತ್ತೆ ಅಂದ್ರೆ ಗೊತ್ತಿದ್ದವರೂ ಕೈ ತಟ್ಟಿಬಿಡ್ತಾರೆ, ಆದರೆ ಅದಾದ ಮೇಲೆ ಇನ್ನೊಂದು ಭಾಗ ಇದೆ, ಬಹಳ ನಿಧಾನದ್ದು. ನಿರ್ವಾಹಕರು, ಅಂದ್ರೆ ಕೋಲು ಹಿಡಿದವರು, ಕೈ ಇಳಿಸಿ ತಿರುಗಿದ ಮೇಲೆ ತಟ್ಟಿದರೆ ಸಾಕು.

ಹೊಸನಗರದಿಂದ: ಶಿವಮೊಗ್ಗದಿಂದ ರಾತ್ರಿ ಬಸ್ಸಿದೆ, ಆದರೆ ಮಗು ಜೊತೆಗೆ ಅಷ್ಟುದ್ದ ಬೇಡ. ನಾವು ಘಟ್ಟ ಇಳಿದು ಬೈಂದೂರಿಗೆ ಹೋಗಿ ಮತ್ಸ್ಯಗಂಧ ರೈಲು ಹಿಡೀತೀವಿ. ಸಂಜೆ ಹತ್ತಿದರೆ ಬೆಳಿಗ್ಗೆ ಮುಂಬೈನ ಕುರ್ಲಾ. ಮಳೆಗಾಲದಲ್ಲಿ ಕೊಂಕಣ ರೈಲು ನಿಧಾನ, ಆದ್ದರಿಂದ ಸೆಪ್ಟೆಂಬರ್‌ನಲ್ಲಿ ಹೋಗೋದಾದ್ರೆ ಕಛೇರಿಯ ಹಿಂದಿನ ದಿನವೇ ತಲುಪಿ.

ಶಿವಮೊಗ್ಗದಿಂದ: ಎಲ್ಲರಿಗೂ ಥ್ಯಾಂಕ್ಸ್. ಎಡಗಡೆ, ಬಾಲ್ಕನಿ ಅಂತ ಬರೆದಿಟ್ಟುಕೊಂಡೆ. ಜೊತೆಗೆ ಅವಳ ತಮ್ಮನೂ ಇದ್ದಾನೆ, ಐದು ವರ್ಷ, ಅವನನ್ನು ಒಳಗೆ ಬಿಡ್ತಾರಾ?

ಸಾಗರದಿಂದ: ಟಿಕೆಟ್ ಪುಟದಲ್ಲೇ ವಯಸ್ಸಿನ ಮಿತಿ ಹಾಕಿರ್ತಾರೆ, ದುಡ್ಡು ಕಟ್ಟೋ ಮುಂಚೆ ನೋಡಿ. ಬಿಟ್ಟರೂ ಎರಡು ಗಂಟೆ ಅವನು ಸುಮ್ನೆ ಕೂರ್ತಾನಾ? ಅಜ್ಜಿ ಮನೇಲಿ ಬಿಟ್ಟುಹೋಗಿ.