ಡಯಾಬಿಟಿಕ್ ಫುಟ್ ಫೆಲೋಶಿಪ್‌ಗೆ ಬೆಂಗಳೂರಿಗೆ ಬರ್ತಿದೀನಿ, ವಸಂತನಗರದ ಹತ್ರ ಪಿಜಿನಾ, ಚಿಕ್ಕಮ್ಮನ ಮನೆನಾ?

ಬೆಣ್ಣೆದೋಸೆ_ಡಾಕ್ಟ್ರು

ಎಲ್ಲರಿಗೂ ನಮಸ್ಕಾರ. ಎಂಬಿಬಿಎಸ್ ಮುಗಿಸಿ ದಾವಣಗೆರೆಲೇ ಡ್ಯೂಟಿ ಡಾಕ್ಟರ್ ಆಗಿದ್ದೆ, ಈಗ ಪೋಡಿಯಾಟ್ರಿ ಕಡೆ, ಅಂದ್ರೆ ಶುಗರ್ ಇರೋರ ಕಾಲಿನ ಗಾಯ, ಡ್ರೆಸ್ಸಿಂಗ್, ಸರ್ಜರಿ, ಅವರಿಗೆ ಬೇಕಾದ ಚಪ್ಪಲಿ ಎಲ್ಲಾ ಸೇರಿ ಒಂದು ವರ್ಷದ ಫೆಲೋಶಿಪ್ ಸಿಕ್ಕೈತೆ. ಆಸ್ಪತ್ರೆ ವಸಂತನಗರ, ಮಿಲ್ಲರ್ಸ್ ರೋಡ್ ಕಡೆ.

ಇರೋದು ಎಲ್ಲಿ ಅನ್ನೋದೇ ಮನೇಲಿ ದೊಡ್ಡ ಚರ್ಚೆ ಆಗೈತೆ. ವಿಜಯನಗರದಲ್ಲಿ ನಮ್ಮ ಚಿಕ್ಕಮ್ಮ ಇದಾರೆ, ಬಾಡಿಗೆ ಇಲ್ಲ ಊಟ ಬಿಸಿಬಿಸಿ, ಅಮ್ಮಂಗೆ ಅದೇ ಆಗ್ಬೇಕು. ನನ್ನ ಕ್ಲಾಸ್‌ಮೇಟ್ ಒಬ್ಳು ಯಲಹಂಕದಲ್ಲಿ ಟೂ ಬಿಎಚ್‌ಕೆ ಮಾಡ್ಕಂಡು ಬಾ ಬಾ ಅಂತಾಳೆ, ಅರ್ಧ ಬಾಡಿಗೆ ಕೊಟ್ರೆ ಸಾಕು, ಮನೆ ಫೋಟೋ ನೋಡಿದ್ರೆ ಆಸೆ ಆಗುತ್ತೆ. ಇನ್ನೊಂದು ವಸಂತನಗರದಲ್ಲೇ ಪಿಜಿ ಹಿಡಿಯೋದು. ಸ್ಟೈಪೆಂಡ್ ಬರುತ್ತೆ, ಆದ್ರೆ ಅದನ್ನೇ ನಂಬ್ಕಂಡು ಮನೆ ಮಾಡೋ ಹಂಗಿಲ್ಲ. ಸ್ಕೂಟಿ ಐತೆ, ಊರಲ್ಲಿ ಓಡಿಸ್ತೀನಿ, ಬೆಂಗಳೂರಲ್ಲಿ ಓಡ್ಸೋ ಧೈರ್ಯ ಇನ್ನೂ ಬಂದಿಲ್ಲ. ಗೊತ್ತಿರೋರು ಹೇಳ್ರಿ.

ಮೆಟ್ರೋ_ರಂಗಣ್ಣ

ಬಾಡಿಗೆ ಇಲ್ದೆ ಮನೆ ಸಿಗ್ತಿದೆ, ಅದೂ ಪರ್ಪಲ್ ಲೈನ್ ಮೇಲೆ, ಇನ್ನೇನ್ ಯೋಚ್ನೆ ಡಾಕ್ಟ್ರೇ. ವಿಜಯನಗರದಲ್ಲಿ ಹತ್ತಿದ್ರೆ ಮೆಜೆಸ್ಟಿಕ್‌ನಲ್ಲಿ ಇಳಿದು ಹತ್ತೋ ಗೋಜಿಲ್ಲ, ಅದೇ ಗಾಡಿ ವಿಧಾನಸೌಧ ಸ್ಟೇಷನ್ ತನಕ ಹೋಗುತ್ತೆ. ಅಲ್ಲಿಂದ ಮಿಲ್ಲರ್ಸ್ ರೋಡ್ ಸುಮಾರು 2 ಕಿ.ಮೀ., ಆಟೋಗೆ ಈಗ ಮೊದಲ 2 ಕಿ.ಮೀ.ಗೆ 36 ರೂಪಾಯಿ ಮೀಟರ್ ರೇಟು, ಮೀಟರ್ ಹಾಕಿದ್ರೆ ಅನ್ನಿ. ಬಸ್‌ನಲ್ಲಿ ಶಿವಾಜಿನಗರದ ಕಡೆ ಹೋದ್ರೆ ನಿಮಗೆ ಶಕ್ತಿ ಯೋಜನೆಲಿ ಫ್ರೀ, ಆಧಾರ್ ತೋರ್ಸಿದ್ರೆ ಆಯ್ತು, ಆದ್ರೆ ಆರ್ಡಿನರಿ ಬಸ್ ಮಾತ್ರ, ಎಸಿ ಬಸ್ ವಜ್ರ ಹತ್ತಿ ಆಮೇಲೆ ಕಂಡಕ್ಟರ್ ಹತ್ರ ಜಗಳ ಆಡ್ಬೇಡಿ. ಮೆಟ್ರೋ ರೇಟು 2025ರ ಫೆಬ್ರವರಿಲಿ ಏರ್ಸಿದ್ರಲ್ಲ, ಅದಕ್ಕೆ ಕಾರ್ಡ್ ಮಾಡ್ಸಿಕೊಳ್ಳಿ, 5% ಕಮ್ಮಿ ಆಗುತ್ತೆ.

ಒಂದೇ ತೊಂದ್ರೆ, ಭಾನುವಾರ ಮೆಟ್ರೋ ಶುರು ಆಗೋದೇ 7 ಗಂಟೆಗೆ. ಪಿಂಕ್ ಲೈನ್‌ಗೆ ಕಂಟೋನ್ಮೆಂಟ್‌ನಲ್ಲಿ ಸ್ಟೇಷನ್ ಇದೆ ಅಂತ ಬ್ರೋಕರ್‌ಗಳು ಹೇಳಿ ಬಾಡಿಗೆ ಜಾಸ್ತಿ ಕೇಳ್ತಾರೆ, ನಿಮ್ಮ ಫೆಲೋಶಿಪ್ ಇರೋದು ಒಂದೇ ವರ್ಷ, ಮುಂದೆ ಬರೋ ಮೆಟ್ರೋಗೆ ನೀವ್ಯಾಕೆ ದುಡ್ಡು ಕೊಡ್ಬೇಕು.

ಪಾದಸೇವಕ

ರಂಗಣ್ಣ ಹೇಳಿದ್ದು ಆಫೀಸಿಗೆ ಹೋಗೋರಿಗೆ ಸರಿ. ನಾನು ಇದೇ ಫೀಲ್ಡ್, ಬೇರೆ ಆಸ್ಪತ್ರೆ. ಡಾಕ್ಟ್ರೇ, ನೀವು ಬೆಳಿಗ್ಗೆ ಹೋಗೋದರ ಲೆಕ್ಕ ಹಾಕ್ತಿದೀರ, ವಾಪಸ್ ಬರೋದರ ಲೆಕ್ಕ ಹಾಕಿ.

ಶುಗರ್ ಜಾಸ್ತಿಯಾಗಿ ನರ ಹೋಗಿರೋ ಪೇಷಂಟ್‌ಗೆ ನೋವೇ ಗೊತ್ತಾಗಲ್ಲ. ಕಣ್ಣು ಮುಚ್ಚಿಸಿ ಮಾನೋಫಿಲಮೆಂಟ್, ಅಂದ್ರೆ ಸ್ಪರ್ಶ ಗೊತ್ತಾಗುತ್ತಾ ಅಂತ ನೋಡೋ ನೈಲಾನ್ ದಾರ, ಅಂಗಾಲಿಗೆ ಒತ್ತಿದ್ರೆ ಅದು ಬಿಲ್ಲಿನ ಥರ ಬಗ್ಗಿರುತ್ತೆ, ಅವರು ಇನ್ನೂ "ಮುಟ್ಟಿ ಡಾಕ್ಟ್ರೇ" ಅಂತಿರ್ತಾರೆ. ಅಂಥವರು ಚಪ್ಪಲಿಲಿ ಮೊಳೆ ಸಿಕ್ಕಿದ್ರೂ ದಿನವಿಡೀ ಓಡಾಡಿರ್ತಾರೆ, ಕಾಲು ಊದಿ ಚಳಿಜ್ವರ ಬಂದು ಸಾಕ್ಸ್ ಬಿಚ್ಚಿದಾಗ ವಾಸನೆ ಹೊಡೆದ ಮೇಲೆ ಮನೆಯವರು ಗಾಬರಿಯಾಗಿ ಕರ್ಕೊಂಡು ಬರೋದು, ಅದೂ ಮಗ ಕೆಲಸ ಮುಗಿಸಿ ಬಂದ ಮೇಲೆ, ಅಂದ್ರೆ ರಾತ್ರಿ. ಒಳಗೆ ಕೀವು ಕಟ್ಟಿದ್ರೆ ಬೆಳಿಗ್ಗೆ ನೋಡೋಣ ಅನ್ನೋ ಹಂಗಿಲ್ಲ, ಟೆಂಡನ್, ಅಂದ್ರೆ ಸ್ನಾಯುನ ಮೂಳೆಗೆ ಕಟ್ಟೋ ಹುರಿ, ಹಿಡ್ಕೊಂಡು ಮೇಲಕ್ಕೆ ಹತ್ತುತ್ತೆ, ಆ ರಾತ್ರಿನೇ ತೆರೀಬೇಕು. ಸೀನಿಯರ್ ಫೋನ್ ಮಾಡೋದು ಫೆಲೋಗೆ. ಆಗ ವಿಜಯನಗರದಿಂದ ಬರೋದಾದ್ರೆ ಮೆಟ್ರೋ ಇರಲ್ಲ, ಆಟೋ ರಾತ್ರಿ 10ರಿಂದ ಬೆಳಿಗ್ಗೆ 5ರ ತನಕ ಒಂದೂವರೆ ಪಟ್ಟು.

ಹಗಲೂ ಸುಲಭ ಏನಲ್ಲ. ಓಪಿಡಿ ಟೈಮ್ ಮುಗಿದ್ರೂ ಡ್ರೆಸ್ಸಿಂಗ್ ಸಾಲು ಮುಗಿಯಲ್ಲ, ನಿಂತೇ ಇರ್ಬೇಕು ಇಲ್ಲ ಸ್ಟೂಲ್ ಮೇಲೆ ಬೆನ್ನು ಬಗ್ಗಿಸಿ ಕೂರ್ಬೇಕು, ಮಧ್ಯದಲ್ಲಿ ಒಂದು ಕಾಂಟ್ಯಾಕ್ಟ್ ಕ್ಯಾಸ್ಟ್ (ಗಾಯದ ಮೇಲೆ ಭಾರ ಬೀಳದ ಹಂಗೆ ಕಾಲಿಗೆ ಹಾಕೋ ಪಟ್ಟು) ಹಾಕೋದು ಬಂದ್ರೆ ಮುಗೀತು, ಅದನ್ನ ಅವಸರ ಮಾಡಿದ್ರೆ ಒಳಗೆ ಇನ್ನೊಂದು ಗಾಯ. ಆಮೇಲೆ ಮೆಟ್ರೋಲಿ ನಿಂತ್ಕೊಂಡು ಹೋಗಿ ಚಿಕ್ಕಮ್ಮನ ಮನೇಲಿ ನೆಂಟರ ಹತ್ರ ನಗುನಗುತ್ತಾ ಮಾತಾಡ್ಬೇಕು!

ಯಲಹಂಕ ಮರ್ತುಬಿಡಿ. ಮನೆ ಚೆನ್ನಾಗಿರ್ಬಹುದು, ದಾರಿಲಿ ಹೆಬ್ಬಾಳ ಇದೆ, ಮೇಖ್ರಿ ಸರ್ಕಲ್ ಇದೆ, ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ ದೊಡ್ಡವರ ಮನೆ ಮದುವೆ ಇದ್ರೆ ಅವತ್ತು ನೀವು ರಸ್ತೇಲೇ.

ನನ್ನ ಪ್ರಕಾರ ಮೊದಲ ಮೂರು ತಿಂಗಳಾದ್ರೂ ನಡ್ಕೊಂಡು ಹೋಗೋ ದೂರದಲ್ಲಿರಿ. ಡ್ಯೂಟಿ ಹೆಂಗೆ ಬರುತ್ತೆ ನೋಡ್ಕೊಂಡು ಆಮೇಲೆ ಬೇಕಾದ್ರೆ ವಿಜಯನಗರ.

ಗೀತಾಂಟಿ_ಜೆಸಿನಗರ

ವಸಂತನಗರದಲ್ಲಿ ಹೆಣ್ಮಕ್ಕಳ ಪಿಜಿಗೇನು ಬರ ಇಲ್ಲಮ್ಮ, ಮೌಂಟ್ ಕಾರ್ಮಲ್ ಕಾಲೇಜ್ ಇದ್ಯಲ್ಲ ಅದಕ್ಕೆ. ಆದ್ರೆ ಅದೇ ಕಾರಣಕ್ಕೆ ಕಾಲೇಜ್ ಶುರುವಾಗೋ ಟೈಮಲ್ಲಿ ಒಳ್ಳೆ ರೂಮ್ ಎಲ್ಲಾ ಹೋಗಿಬಿಡುತ್ತೆ, ಉಳಿಯೋದು ಕಿಟಕಿ ತೆಗೆದ್ರೆ ಪಕ್ಕದ ಮನೆ ಗೋಡೆ ಕಾಣೋ ರೂಮು, ಒಗೆದ ಬಟ್ಟೆ ಎರಡು ದಿನ ಆದ್ರೂ ಒಣಗಲ್ಲ. ಇಂಥ ಪಿಜಿಗಳು ನಡೆಯೋದು ಕಾಲೇಜ್ ಹುಡುಗೀರ ಲೆಕ್ಕದಲ್ಲಿ, ರಾತ್ರಿ ಹತ್ತಕ್ಕೆ ಗೇಟ್ ಬೀಗ. ನೈಟ್ ಕಾಲ್ ಇರೋ ಡಾಕ್ಟರ್ ಅಂತ ಅಡ್ವಾನ್ಸ್ ಕೊಡೋ ಮುಂಚೆನೇ ಹೇಳು, ಓನರ್ ಹತ್ರ ವಾಟ್ಸಾಪ್‌ನಲ್ಲಿ ಬರೆಸ್ಕೋ. ಮ್ಯಾನೇಜರ್ "ಹೂಂ ಆಯ್ತು ಮೇಡಂ" ಅಂತಾನೆ, ಅವನು ಬಿಟ್ಟು ಹೋದ್ಮೇಲೆ ಹೊಸಬ "ನಂಗೊತ್ತಿಲ್ಲ" ಅಂತಾನೆ. ನಮ್ಮ ಅಕ್ಕನ ಮಗಳಿಗೆ ಹಂಗೇ ಆಗಿ ಅವಳು ಬೆಳಗಿನ ಜಾವ ಗೇಟ್ ಮುಂದೆ ನಿಂತು ನಂಗೆ ಫೋನ್ ಮಾಡಿದ್ಲು, ಯಾವ ಪಿಜಿ ಅಂತ ಇಲ್ಲಿ ಬೇಡ.

ಪಿಜಿ ಒಗ್ಗಲ್ಲ ಅಂದ್ರೆ ನಮ್ಮ ಜೆಸಿ ನಗರ, ಮುನಿರೆಡ್ಡಿಪಾಳ್ಯ ಕಡೆ ಮನೆ ಮೇಲೆ ಒಂದು ರೂಮು, ಅಡುಗೆಮನೆ ಇರೋವು ಸಿಗ್ತವೆ, ವಸಂತನಗರಕ್ಕಿಂತ ಬಾಡಿಗೆ ಕಮ್ಮಿ, ಆಟೋದಲ್ಲಿ ಹತ್ತೇ ನಿಮಿಷ, ಬೆಳಿಗ್ಗೆ ಟ್ರಾಫಿಕ್ ಆದ್ರೆ ಇಪ್ಪತ್ತು. ಬೆನ್ಸನ್ ಟೌನ್ ಚೆನ್ನಾಗಿದೆ, ದುಡ್ಡು ಜಾಸ್ತಿ. ಆದ್ರೆ ಮನೆ ಅಂದ್ರೆ ಅಡ್ವಾನ್ಸ್ ನೋಡ್ಕೋ, ಹಳೆ ಕಾಲದ ಓನರ್‌ಗಳು ಈಗಲೂ ಹತ್ತು ತಿಂಗಳ ಬಾಡಿಗೆ ಕೇಳ್ತಾರೆ, ಮಾತಾಡಿದ್ರೆ ಐದು ಆರಕ್ಕೆ ಬರ್ತಾರೆ. ಅಗ್ರಿಮೆಂಟ್ 11 ತಿಂಗಳಿಗೆ ಮಾಡೋದು, ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೋತಾರೆ, ಒಂದೇ ವರ್ಷಕ್ಕೆ ಬರೋಳಿಗೆ ಇದು ನಷ್ಟ ಕಣಮ್ಮ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಕರೆಂಟ್ ಬಿಲ್ ಮೇಲಿರೋ ಆರ್‌ಆರ್ ನಂಬರ್ ಕೇಳಿ ಇಸ್ಕೋ. ಕಾವೇರಿ ನೀರು ಬರುತ್ತಾ ಇಲ್ಲ ಬರೀ ಬೋರ್‌ವೆಲ್ಲಾ ಅಂತ ಓನರ್‌ನ ಕೇಳ್ಬೇಡ, ಕೆಳಗಡೆ ಮನೆಯವರನ್ನ ಕೇಳು. 2024ರ ಬೇಸಿಗೇಲಿ ಟ್ಯಾಂಕರ್‌ಗೆ ಕಾದು ಕೂತಿದ್ದು ಯಾರಿಗೂ ಮರೆತಿಲ್ಲ.

ಬೆಣ್ಣೆದೋಸೆ_ಡಾಕ್ಟ್ರು

ಎಲ್ಲರಿಗೂ ಥ್ಯಾಂಕ್ಸ್. ಪಾದಸೇವಕ ಸರ್, ನೀವು ಹೇಳಿದ್ಮೇಲೆ ಆಸ್ಪತ್ರೆಗೆ ಫೋನ್ ಮಾಡಿ ನೈಟ್ ಕಾಲ್ ಬಗ್ಗೆ ಕೇಳ್ದೆ. ವಾರದಲ್ಲಿ ಎರಡು ಸಲ ಬರುತ್ತಂತೆ, ಅವತ್ತು ಮಲಗಕ್ಕೆ ಕಾಲ್ ರೂಮ್ ಐತೆ ಅಂದ್ರು. ಹಂಗಿದ್ರೆ ವಿಜಯನಗರನೂ ನಡೆಯುತ್ತೆ ಅಲ್ವಾ? ಅಮ್ಮ ಇದನ್ನ ಕೇಳಿ ಆಗ್ಲೇ ಚಿಕ್ಕಮ್ಮಂಗೆ ಫೋನ್ ಮಾಡಿಬಿಟ್ರು.

ಪಾದಸೇವಕ

ಅಮ್ಮ ಫಾಸ್ಟ್ ಇದಾರೆ 😄 ಕಾಲ್ ರೂಮ್ ಇದ್ರೆ ಲೆಕ್ಕ ಬೇರೆ, ರಾತ್ರಿ ಓಡಾಟ ತಪ್ಪುತ್ತೆ, ವಿಜಯನಗರ ಬೇಡ ಅನ್ನಲ್ಲ. ಆದ್ರೆ ಲೇಡೀಸ್‌ಗೆ ಬೇರೆ ರೂಮಾ, ಎಷ್ಟು ಜನಕ್ಕೆ ಒಂದು, ಒಳಗಿಂದ ಚಿಲಕ ಸರಿ ಇದ್ಯಾ ಅಂತ ಈಗಿನ ಫೆಲೋ ಯಾರಾದ್ರೂ ಇದ್ರೆ ಅವರನ್ನೇ ಕೇಳಿ, ಆಫೀಸ್‌ನವರು ಅಲ್ಲಿ ಮಲಗಿರಲ್ಲ. ಕಾಲ್ ಮುಗಿದ ಮಾರನೇ ದಿನ ಮನೆಗೆ ಬಿಡ್ತಾರಾ ಇಲ್ಲ ನೇರ ಓಪಿಡಿನಾ ಅಂತನೂ ಕೇಳಿ. ನೇರ ಓಪಿಡಿ ಅಂದ್ರೆ ನನ್ನ ಓಟು ಈಗಲೂ ಪಿಜಿಗೇ.

ಮೆಟ್ರೋ_ರಂಗಣ್ಣ

ನನ್ನ ಓಟು ಚಿಕ್ಕಮ್ಮನಿಗೆ. ಬಿಸಿ ಊಟ ಯಾವ ಪಿಜಿಲಿ ಸಿಗುತ್ತೆ ಸ್ವಾಮಿ.