ಕೋಲಾರದ ಎಲೆಮೂಗಿನ ಬಾವಲಿ ಪ್ರತ್ಯೇಕ ಪ್ರಭೇದವೆಂದು ನಿರ್ಧರಿಸುವುದು ಹೇಗೆ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಕೋಲಾರ

ಜೀವಿಗಳ ವರ್ಗೀಕರಣದ ಪಾಠಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆ ಇರಲೆಂದು ಈ ಬಾರಿ ಕೋಲಾರ ಎಲೆಮೂಗಿನ ಬಾವಲಿಯನ್ನು, ಅಂದರೆ ಹಿಪ್ಪೊಸಿಡೆರಸ್ ಹೈಪೊಫಿಲಸ್ ಎಂಬುದನ್ನು ಆರಿಸಿಕೊಂಡೆ. 1994ರಲ್ಲಿ ಡೀಟರ್ ಕಾಕ್ ಮತ್ತು ಎಚ್.ಆರ್. ಭಟ್ ಇದನ್ನು ಹೊಸ ಪ್ರಭೇದವೆಂದು ವಿವರಿಸಿದರು. ಮೊದಲು ತೇರಹಳ್ಳಿಯ ಬಳಿಯೂ ದಾಖಲಾಗಿದ್ದ ಈ ಪ್ರಾಣಿ ಈಚಿನ ಸಮೀಕ್ಷೆಗಳಲ್ಲಿ ಹನುಮನಹಳ್ಳಿಯ ಒಂದು ಗುಹೆಯಲ್ಲಿ ಮಾತ್ರ ಕಂಡುಬಂದಿದೆ. ಸಂಖ್ಯೆ ಇನ್ನೂರನ್ನೂ ಮುಟ್ಟುವುದಿಲ್ಲ.

ಇದನ್ನು ಹೇಳಿದಾಗ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ತೃಪ್ತಿಕರ ಉತ್ತರವಿರಲಿಲ್ಲ. ತಮ್ಮೊಳಗೆ ಕೂಡಿ ಫಲವಂತ ಸಂತಾನ ಪಡೆಯುವ ಜೀವಿಗಳ ಗುಂಪೇ ಪ್ರಭೇದ ಎಂದು ಪಠ್ಯಪುಸ್ತಕ ಹೇಳುತ್ತದೆ. ಆದರೆ ಈ ಬಾವಲಿಯನ್ನು ಬೇರೆ ಬಾವಲಿಯೊಡನೆ ಕೂಡಿಸಿ ಯಾರೂ ನೋಡಿಲ್ಲ. ಹಾಗಿರುವಾಗ ಇದು ಎಲ್ಲೆಡೆ ಸಿಗುವ ಯಾವುದೋ ಎಲೆಮೂಗಿನ ಬಾವಲಿಯ ಸ್ಥಳೀಯ ರೂಪ ಏಕಾಗಬಾರದು? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ: ಬಾವಲಿ ಅಧ್ಯಯನಾಸಕ್ತ, ಮುಳಬಾಗಿಲು

ನಿಮ್ಮ ವಿದ್ಯಾರ್ಥಿನಿ ವರ್ಗೀಕರಣಶಾಸ್ತ್ರದ ಬುಡಕ್ಕೇ ಕೈ ಹಾಕಿದ್ದಾಳೆ. ಕೂಡಿಸಿ ನೋಡುವ ಪ್ರಯೋಗವನ್ನು ಮನುಷ್ಯರೇ ಮಾಡಬೇಕೆಂದಿಲ್ಲ; ಈ ಪ್ರಾಣಿಯ ಮಟ್ಟಿಗೆ ಗುಹೆಯೇ ಅದನ್ನು ಮಾಡುತ್ತಿದೆ. ಕೋಲಾರದ ಗ್ರಾನೈಟ್ ಬೆಟ್ಟಗಳ ಗುಹೆಗಳಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಎಲೆಮೂಗಿನ ಬಾವಲಿಗಳು ಒಟ್ಟಿಗೇ ನೆಲೆಸುತ್ತವೆ. ಒಂದೇ ಬಂಡೆಯ ಅಡಿಯಲ್ಲಿ ಹಗಲು ಕಳೆದು, ಸಂಜೆ ಒಂದೇ ಬಾಯಿಯಿಂದ ಹೊರಹಾರುವ ಎರಡು ಗುಂಪುಗಳು ಪರಸ್ಪರ ಮುಕ್ತವಾಗಿ ಕೂಡುವಂತಿದ್ದರೆ, ಕೆಲವೇ ತಲೆಮಾರುಗಳಲ್ಲಿ ಇತ್ತಲೂ ಅಲ್ಲದ ಅತ್ತಲೂ ಅಲ್ಲದ ನಡುವಿನ ರೂಪಗಳು ತುಂಬಿಹೋಗಬೇಕಿತ್ತು. ಹಾಗಾಗದೆ ಮೂಗಿನೆಲೆ (ಮೂಗಿನ ಮೇಲಿನ ಎಲೆಯಂತಹ ಚರ್ಮ), ತಲೆಬುರುಡೆ, ಹಲ್ಲು ಇವೆಲ್ಲವೂ ಜೊತೆಜೊತೆಯಾಗಿ ಬೇರೆಯಾಗಿಯೇ ಉಳಿದಿದ್ದರೆ, ಆ ಗುಂಪುಗಳ ನಡುವೆ ವಂಶವಾಹಿಗಳ ಹರಿದಾಟವಿಲ್ಲ ಎಂದೇ ಅರ್ಥ. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಬಲವಾದ ಸಾಕ್ಷ್ಯ ಸಿಗುವುದು ಅಪರೂಪ.

ಮಕ್ಕಳಿಗೆ ಮೂಗಿನೆಲೆಯ ಚಿತ್ರವನ್ನು ದೊಡ್ಡದಾಗಿ ಬರೆದು ತೋರಿಸಿ. ಮೂಗಿನ ಹೊಳ್ಳೆಗಳನ್ನು ಸುತ್ತುವರಿದ ಲಾಳದಾಕಾರದ ಮುಂದಿನ ಎಲೆ, ಅದರ ಮೇಲೆ ಉಬ್ಬಿದ ನಡುವಿನ ಎಲೆ, ಹಣೆಗೆ ಒತ್ತಿಕೊಂಡು ಎದ್ದುನಿಂತ ಹಿಂದಿನ ಎಲೆ. ಲಾಳದ ಎರಡೂ ಪಕ್ಕಗಳಲ್ಲಿ ಸಣ್ಣ ಉಪಎಲೆಗಳು ಇರಬಹುದು ಅಥವಾ ಇಲ್ಲದಿರಬಹುದು. ದಕ್ಷಿಣ ಭಾರತದಲ್ಲಿ ಸಾಮಾನ್ಯವಾದ ಹಿಪ್ಪೊಸಿಡೆರಸ್ ಸ್ಪಿಯೋರಿಸ್‌ಗೆ ಪಕ್ಕಕ್ಕೆ ಮೂರರಂತೆ ಉಪಎಲೆಗಳಿದ್ದರೆ, ಹಿಪ್ಪೊಸಿಡೆರಸ್ ಫಲ್ವಸ್‌ಗೆ ಒಂದೂ ಇಲ್ಲ. ಕೂಗಿನ ಮಾರ್ದನಿಯಿಂದ ಬೇಟೆಯನ್ನು ಪತ್ತೆಹಚ್ಚುವ ಈ ಬಾವಲಿಗಳು ಕೂಗುವುದೇ ಮೂಗಿನಿಂದ, ಆ ಕೂಗನ್ನು ಮುಂದಕ್ಕೆ ಕೇಂದ್ರೀಕರಿಸುವುದು ಮೂಗಿನೆಲೆ. ಆದ್ದರಿಂದ ಅದರ ಆಕಾರವು ಬೇಟೆಯ ಕ್ರಮಕ್ಕೆ ನೇರವಾಗಿ ಸಂಬಂಧಿಸಿದ್ದು, ಬಣ್ಣಕ್ಕಿಂತ ಎಷ್ಟೋ ಹೆಚ್ಚು ನಂಬಿಕೆಗೆ ಯೋಗ್ಯವಾದ ಲಕ್ಷಣ. ಬಣ್ಣವನ್ನು ಮಾತ್ರ ನೆಚ್ಚಬಾರದು: ಫಲ್ವಸ್‌ ಒಂದರಲ್ಲೇ ಮಂಕು ಬೂದಿಯಿಂದ ಹೊಳೆಯುವ ಹೊಂಬಣ್ಣದವರೆಗಿನ ಬಾವಲಿಗಳಿವೆ.

ಉತ್ತರ: ಪಕ್ಷಿವೀಕ್ಷಕ, ತುಮಕೂರು

ಮೇಲಿನ ವಾದವನ್ನು ಒಪ್ಪುತ್ತೇನೆ, ಆದರೆ ಅದರ ಮಿತಿಯನ್ನೂ ಮಕ್ಕಳಿಗೆ ಹೇಳಬೇಕು. ಎರಡು ಗುಂಪುಗಳು ಒಂದೆಡೆ ಬಾಳುವಾಗ ಮಾತ್ರ ಅದು ನಡೆಯುತ್ತದೆ. ನಮ್ಮ ದೇವರಾಯನದುರ್ಗದಲ್ಲೂ ನಂದಿಬೆಟ್ಟದಲ್ಲೂ ಹಳದಿ ಕೊರಳಿನ ಪಿಕಳಾರವಿದೆ. 1845ರಲ್ಲಿ ಜೆರ್ಡನ್ ಹೆಸರಿಸಿದ ಈ ಹಕ್ಕಿ ಪರ್ಯಾಯ ದ್ವೀಪದ ಬಂಡೆಗುಡ್ಡಗಳ ಕುರುಚಲು ಕಾಡನ್ನು ಬಿಟ್ಟು ಬಯಲಿನಲ್ಲಿ ನೆಲೆಸುವುದಿಲ್ಲ. ಒಂದು ಬೆಟ್ಟದ ಹಕ್ಕಿ ಇನ್ನೊಂದು ಬೆಟ್ಟದ ಹಕ್ಕಿಯನ್ನು ಸಂಧಿಸುವುದೇ ಇಲ್ಲವೆಂದಾದರೆ, ಅವು ಕೂಡುತ್ತವೆಯೋ ಇಲ್ಲವೋ ಎಂಬುದನ್ನು ನಿಸರ್ಗದಲ್ಲಿ ಪರೀಕ್ಷಿಸಲು ಅವಕಾಶವಿರುವುದಿಲ್ಲ. 1942ರಲ್ಲಿ ಜೀವವಿಜ್ಞಾನಿ ಅರ್ನ್ಸ್ಟ್ ಮಾಯರ್ ಪ್ರತಿಪಾದಿಸಿದ, ತಮ್ಮೊಳಗೆ ಕೂಡುವ ಗುಂಪೇ ಪ್ರಭೇದ ಎಂಬ ವ್ಯಾಖ್ಯೆಗೆ ಇಂದಿಗೂ ಇರುವ ದೊಡ್ಡ ತೊಡಕು ಇದೇ. ಅಂತಹ ಕಡೆ ಕೂಗು, ರೂಪ, ಡಿಎನ್‌ಎ ಇವುಗಳಲ್ಲಿನ ಅಂತರವನ್ನು ಅಳೆದು ತೀರ್ಮಾನಿಸಬೇಕಾಗುತ್ತದೆ, ಮತ್ತು ಆ ತೀರ್ಮಾನವನ್ನು ಮುಂದಿನವರು ಪರಿಶೀಲಿಸಿ ಬದಲಿಸಬಹುದು.

ರೂಪದಲ್ಲಿ ಏನೂ ಕಾಣದಿದ್ದರೂ ಪ್ರಭೇದಗಳು ಎರಡಾಗಿರಬಹುದು ಎಂಬುದಕ್ಕೆ ಬಾವಲಿಗಳಲ್ಲೇ ಉದಾಹರಣೆಯಿದೆ. ಯೂರೋಪಿನ ಸಾಮಾನ್ಯ ಪಿಪಿಸ್ಟ್ರೆಲ್ ಎಂಬ ಪುಟ್ಟ ಬಾವಲಿಯನ್ನು ಬಹುಕಾಲ ಒಂದೇ ಪ್ರಭೇದವೆಂದು ತಿಳಿದಿದ್ದರು. ಕೆಲವು 45 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲೂ ಕೆಲವು 55ರ ಆಸುಪಾಸಿನಲ್ಲೂ ಕೂಗುವುದು ಗಮನಕ್ಕೆ ಬಂತು. 1997ರಲ್ಲಿ ಅವುಗಳ ಮೈಟೊಕಾಂಡ್ರಿಯದ ಒಂದು ವಂಶವಾಹಿಯನ್ನು ಹೋಲಿಸಿದಾಗ ಶೇಕಡ 11ಕ್ಕೂ ಹೆಚ್ಚು ವ್ಯತ್ಯಾಸ ಕಂಡಿತು. ಈಗ ಅವು ಎರಡು ಪ್ರಭೇದಗಳು.

ಉತ್ತರ: ರೈತ, ಚಿಂತಾಮಣಿ

ಸಸ್ಯಗಳ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಪ್ರಭೇದಗಳು ಬಹಳ ನಿಧಾನವಾಗಿಯೇ ಹುಟ್ಟುತ್ತವೆ ಎಂದು ಮಕ್ಕಳು ಭಾವಿಸಬಾರದು. ನಮ್ಮ ರಾಗಿಯ ಜೀವಕೋಶದಲ್ಲಿ 36 ವರ್ಣತಂತುಗಳಿವೆ. ರಾಗಿ ಹೊಲದಲ್ಲೇ ಕಳೆಯಾಗಿ ಬೆಳೆಯುವ, ಎಳೆಯದಾಗಿದ್ದಾಗ ಪೈರಿನಿಂದ ಬೇರ್ಪಡಿಸಲು ಕಣ್ಣು ಪಳಗಿರಬೇಕಾದ ಎಲ್ಯುಸೈನ್ ಇಂಡಿಕಾ ಹುಲ್ಲಿನಲ್ಲಿ 18 ಇವೆ. ಆಫ್ರಿಕಾದಲ್ಲಿ ಈ ಹುಲ್ಲಿನ ವಂಶವೊಂದು ಅದೇ ಕುಲದ ಮತ್ತೊಂದು ಹುಲ್ಲಿನೊಡನೆ ಬೆರೆತು, ವರ್ಣತಂತುಗಳು ಇಮ್ಮಡಿಯಾಗಿ ಕಾಡುರಾಗಿ ಹುಟ್ಟಿತು. ಅದನ್ನೇ ಅಲ್ಲಿನ ಜನ ಪಳಗಿಸಿದರು. ರಾಗಿಗೂ ಈ ಕಳೆಗೂ ಈಗ ಬೆರಕೆಯಾದರೆ ಸಸಿಗೆ ಬರುವುದು 27 ವರ್ಣತಂತುಗಳು. ಅವು ಸರಿಯಾಗಿ ಜೋಡಿಯಾಗಲಾರವಾದ್ದರಿಂದ ತೆನೆ ಕಾಳುಕಟ್ಟುವುದಿಲ್ಲ. ಒಂದೇ ಸಾಲಿನಲ್ಲಿ ಬೆಳೆದರೂ ಎರಡೂ ಬೇರೆಯಾಗಿ ಉಳಿಯಲು ಇಷ್ಟು ಸಾಕು.

ಪ್ರತಿಕ್ರಿಯೆ: ವಿಜ್ಞಾನ ಶಿಕ್ಷಕಿ, ಕೋಲಾರ

ಎಲ್ಲರಿಗೂ ಧನ್ಯವಾದಗಳು. ಒಂದೇ ಗುಹೆಯಲ್ಲಿದ್ದೂ ಬೆರೆಯದಿರುವುದೇ ಪುರಾವೆ ಎಂಬ ವಾದವನ್ನು ಹಾಗೆಯೇ ತರಗತಿಗೆ ಒಯ್ಯುತ್ತೇನೆ. ಆಲದ ಮರಕ್ಕೆ ಜೋತುಬೀಳುವ ದೊಡ್ಡ ಹಣ್ಣಿನ ಬಾವಲಿಗೂ ಇದಕ್ಕೂ ಇರುವ ನಂಟೇನು? ಮಕ್ಕಳನ್ನು ಗುಹೆಗೆ ಕರೆದೊಯ್ಯಬಹುದೇ?

ಉತ್ತರ: ಬಾವಲಿ ಅಧ್ಯಯನಾಸಕ್ತ, ಮುಳಬಾಗಿಲು

ಲಿನೇಯಸ್ 1758ರಲ್ಲಿ ಬಾವಲಿಗಳನ್ನು ಮನುಷ್ಯ ಮತ್ತು ಮಂಗಗಳಿರುವ ಗಣದಲ್ಲೇ ಇರಿಸಿದ್ದ. ಆಮೇಲೆ ಅವು ಪ್ರತ್ಯೇಕ ಗಣವಾದವು, ಮತ್ತು ಹಣ್ಣು ತಿನ್ನುವ ದೊಡ್ಡವು ಒಂದು ಕಡೆ, ಕೀಟ ಹಿಡಿಯುವ ಚಿಕ್ಕವು ಇನ್ನೊಂದು ಕಡೆ ಎಂಬ ವಿಂಗಡಣೆ ಬಹುಕಾಲ ನಡೆಯಿತು. ಡಿಎನ್‌ಎ ಅಧ್ಯಯನಗಳು ಅದನ್ನು ಮುರಿದವು. ಎಲೆಮೂಗಿನ ಬಾವಲಿಗಳು ನಮ್ಮ ಮನೆಯ ಹೆಂಚಿನ ಸಂದಿಯಲ್ಲಿ ಅಡಗುವ ಪುಟ್ಟ ಪಿಪಿಸ್ಟ್ರೆಲ್‌ಗಳಿಗಿಂತ ಆಲದ ಮರದ ದೊಡ್ಡ ಬಾವಲಿಗೇ ಹತ್ತಿರದ ನೆಂಟರು. ಗಾತ್ರ, ಆಹಾರ, ಕೂಗು ಯಾವುದನ್ನು ನೋಡಿದರೂ ಹಾಗೆ ಅನ್ನಿಸುವುದಿಲ್ಲ. ಆದರೂ ವಂಶವೃಕ್ಷದ ಕೊಂಬೆ ಸಾಗುವುದು ಆ ಕಡೆಗೇ.

ಗುಹೆಯೊಳಕ್ಕೆ ಮಾತ್ರ ದಯವಿಟ್ಟು ಕರೆದೊಯ್ಯಬೇಡಿ. ಈ ಬಾವಲಿ ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿದೆ. ಸುತ್ತಲಿನ ಬಂಡೆಗಣಿಗಾರಿಕೆಯೇ ಅದರ ದೊಡ್ಡ ಶತ್ರುವಾಗಿರುವಾಗ, ದೀಪ ಹಿಡಿದು ಗುಂಪಾಗಿ ಒಳಹೊಕ್ಕರೆ ಬಾವಲಿಗಳು ಹಗಲಿನಲ್ಲೇ ಹೊರಬೀಳುತ್ತವೆ, ಮರಿ ಹೊತ್ತ ತಾಯಂದಿರಿಗಂತೂ ಅದು ಪ್ರಾಣಸಂಕಟ. ಹಳೆಯ ಕೋಟೆ, ಮಂಟಪಗಳಲ್ಲಿರುವ ಸಾಮಾನ್ಯ ಎಲೆಮೂಗಿನ ಬಾವಲಿಗಳು ಸಂಜೆ ಹೊರಬರುವುದನ್ನು ದೂರದಿಂದ ತೋರಿಸಬಹುದು. ಅವುಗಳ ಕೂಗು 100 ಕಿಲೋಹರ್ಟ್ಸ್ ದಾಟುವುದರಿಂದ ಕಿವಿಗೂ ಕೇಳದು, ಮೊಬೈಲಿಗೂ ಸಿಗದು. ಅದಕ್ಕೆ ಶ್ರವಣಾತೀತ ಧ್ವನಿಗ್ರಾಹಕ ಬೇಕು. ಅಷ್ಟು ಎತ್ತರದ ಧ್ವನಿ ಗಾಳಿಯಲ್ಲಿ ಬೇಗ ಕರಗುವುದರಿಂದ, ಉಪಕರಣವನ್ನು ಅವು ಹಾರುವ ದಾರಿಯಿಂದ ಕೆಲವೇ ಮೀಟರ್ ದೂರದಲ್ಲಿ, ಗುಹೆಯ ಬಾಯಿಗೆ ಅಡ್ಡವಾಗದಂತೆ ಇಡಬೇಕು.